ಮುತ್ಯಾನ ನಾಡಿ, ಮುತ್ಯಾನ ನಡಿಗೆ: ಒಂದೇ ಮುಂಜಾನೆ ಎರಡನ್ನೂ ಅಳೆಯುವುದು ಹೇಗೆ?

ಮಕ್ಕಳು ಪುಣೆಯಿಂದಲೋ ಬೆಂಗಳೂರಿನಿಂದಲೋ ತಂದುಕೊಟ್ಟ ಸ್ಮಾರ್ಟ್ ವಾಚು ಈಗ ವಿಜಯಪುರದ ಮುತ್ಯಾಂದಿರ ಮಣಿಕಟ್ಟಿಗೂ ಬಂದಿದೆ. ಅದರಲ್ಲಿ ಎಚ್‌ಆರ್‌ವಿ (ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತ) 15 ಎಂದು ಕಂಡರೆ ಮನೆಮಂದಿ ಗಾಬರಿಯಾಗುತ್ತಾರೆ, 90 ಕಂಡರೆ ನಿಶ್ಚಿಂತರಾಗುತ್ತಾರೆ. ಎರಡಕ್ಕೂ ಅವಸರ ಬೇಡ.

ಉಸಿರು ಎಳೆದಾಗ ಬಡಿತಗಳ ನಡುವಿನ ಅಂತರ ಕಿರಿದಾಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಅಂತರಗಳು 900, 940, 910, 950 ಮಿಲಿಸೆಕೆಂಡ್ ಎಂದುಕೊಳ್ಳಿ. ಅಕ್ಕಪಕ್ಕದ ವ್ಯತ್ಯಾಸ 40, 30, 40. ಇವುಗಳ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡರೆ ಸುಮಾರು 37. ಇದೇ ಆರ್‌ಎಂಎಸ್‌ಎಸ್‌ಡಿ ಎಂಬ ಎಚ್‌ಆರ್‌ವಿ ಲೆಕ್ಕ, ಹೃದಯದ ಲಗಾಮು ಹಿಡಿದ ವೇಗಸ್ ನರ ಎಷ್ಟು ಚುರುಕಾಗಿದೆ ಎಂಬುದರ ಸುಳಿವು. ವಯಸ್ಸಾದಂತೆ ಇದು ಇಳಿಯುತ್ತದೆ, ಸಕ್ಕರೆ ಕಾಯಿಲೆ ಇನ್ನಷ್ಟು ಇಳಿಸುತ್ತದೆ. ನಿತ್ರಾಣಗೊಂಡ ಹಿರಿಯರಲ್ಲಿ ಕಡಿಮೆ ಇರುವುದು ಸಾಮಾನ್ಯ. ಆದರೆ ಈ ಅಂಕಿಯೊಂದನ್ನೇ ನೋಡಿ ನಿತ್ರಾಣ ಎನ್ನಲಾಗದು, ಕಾಲನ್ನೂ ಕೇಳಬೇಕು.

ಮೊದಲು ನಾಡಿ. ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ಚಹಾ ಮತ್ತು ತಂಬಾಕಿಗೆ ಮುನ್ನ, ಹೊರಸಿನ ಮೇಲೆ 5 ನಿಮಿಷ ಸುಮ್ಮನೆ ಮಲಗಿಸಿ. ನಂತರದ 5 ನಿಮಿಷ ದಾಖಲಿಸಿ. ಮಾತು ಬೇಡ, ಬೇಕೆಂದೇ ದೀರ್ಘ ಉಸಿರಾಟವೂ ಬೇಡ, ಅಂಕಿ ಸುಳ್ಳಾಗಿ ಏರುತ್ತದೆ. ಬಡಿತ ಅಳೆಯುವ ಎದೆಪಟ್ಟಿ ಇದ್ದರೆ ವಾಚಿಗಿಂತ ಒಳ್ಳೆಯದು, ಪಟ್ಟಿಯ ಒಳಮೈಯನ್ನು ನೀರಿನಿಂದ ಒದ್ದೆಮಾಡಿ ಕಟ್ಟಿ. ವಾಚಾದರೆ ಕೈ ಬೆಚ್ಚಗಿರಲಿ, ಅಲುಗಾಡದಿರಲಿ. ಕೆಲವು ವಾಚುಗಳು ಎಸ್‌ಡಿಎನ್‌ಎನ್ ಎಂಬ ಬೇರೆ ಲೆಕ್ಕ ತೋರಿಸುತ್ತವೆ. ಆದ್ದರಿಂದ ಮುತ್ಯಾನ ಅಂಕಿಯನ್ನು ಆಯಿಯ ಅಂಕಿಗೆ ಹೋಲಿಸಬೇಡಿ. ಅದೇ ವಾಚಿನಲ್ಲಿ, ಅದೇ ಹೊತ್ತಿನಲ್ಲಿ 7 ದಿನ ಅಳೆದು ಅವರದೇ ಸರಾಸರಿ ತೆಗೆಯಿರಿ.

ಮುಪ್ಪಿನಲ್ಲಿ ಎಚ್‌ಆರ್‌ವಿ ಇದ್ದಕ್ಕಿದ್ದಂತೆ ಬಹಳ ಏರಿದರೆ ಅದು ಶುಭಸೂಚನೆ ಎಂದು ಬಿಟ್ಟುಬಿಡಬೇಡಿ. ನಾಡಿ ಹಿಡಿದು ನೋಡಿ. ತಾಳವೇ ಇಲ್ಲದೆ ಬಡಿಯುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಕಾಯಿಲೆ) ಇರಬಹುದು. ಇದರಿಂದ ಪಾರ್ಶ್ವವಾಯುವಿನ ಅಪಾಯವಿದೆ, ಕೂಡಲೇ ಇಸಿಜಿ ಮಾಡಿಸಿ. ಪೇಸ್‌ಮೇಕರ್ ಇದ್ದವರಲ್ಲಂತೂ ಈ ಅಂಕಿಯನ್ನು ನಂಬಲಾಗದು.

ಆಮೇಲೆ ಬಿಪಿ. ಮಲಗಿದ್ದಾಗ ಒಮ್ಮೆ, ನಿಂತ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಭಯವಿದೆ. ನಮ್ಮ ಏಪ್ರಿಲ್–ಮೇ ಬಿಸಿಲಲ್ಲಿ ನೀರು ಕಡಿಮೆ ಕುಡಿದು, ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ನುಂಗುವವರಲ್ಲಿ ಇದು ಬೇಗ ಆಗುತ್ತದೆ. ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ.

ಇನ್ನು ಕಾಲು. ಪಡಸಾಲೆಯಲ್ಲಿ 6 ಮೀಟರ್‌ಗೆ ಸುಣ್ಣದ ಗೆರೆ ಎಳೆಯಿರಿ, ಎರಡೂ ತುದಿಗೆ ಒಂದೊಂದು ಮೀಟರ್ ಹೆಚ್ಚು ಜಾಗವಿರಲಿ. ಗೆರೆಯ ತುದಿಯಿಂದಲೇ ಹೊರಟು ತುದಿಯಲ್ಲೇ ನಿಂತುಬಿಟ್ಟರೆ ಲೆಕ್ಕ ತಪ್ಪುತ್ತದೆ. ದಿನನಿತ್ಯದ ವೇಗದಲ್ಲಿ ಈ 6 ಮೀಟರ್ ನಡೆಯಲು 6 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ನಿಧಾನ ಎಂದರ್ಥ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ 5 ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ತೊಡೆಯ ಬಲ ತಗ್ಗಿದೆ. ಇವು ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಮಿತಿಗಳು. ಜೊತೆಗೆ ವರ್ಷದಲ್ಲಿ ತಾನಾಗಿಯೇ 4.5 ಕಿಲೋ ತೂಕ ಇಳಿದಿದೆಯೇ, ಸುಮ್ಮನಿದ್ದರೂ ದಣಿವಿದೆಯೇ ಎಂದು ಕೇಳಿ.

ನಡಿಗೆ, ತೂಕ, ಎಚ್‌ಆರ್‌ವಿ ಮೂರೂ ಇಳಿಮುಖವಾಗಿದ್ದರೆ ತಾಟು ನೋಡಿ. ಹಲ್ಲಿಲ್ಲದವರು ಖಡಕ್ ರೊಟ್ಟಿ ಬಿಟ್ಟು ಬರೀ ನುಚ್ಚು–ಮಜ್ಜಿಗೆಯಲ್ಲೇ ದಿನ ಕಳೆಯುತ್ತಾರೆ. ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಏನೂ ಸಾಲದು. 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. 30 ಗ್ರಾಂ ಶೇಂಗಾ ಹಿಂಡಿಯಲ್ಲಿ (ಚಟ್ನಿಪುಡಿಯಲ್ಲಿ) ಸಿಗುವುದು ಸುಮಾರು 7 ಗ್ರಾಂ. ಮೆತ್ತಗೆ ಬೇಯಿಸಿದ ಹೆಸರುಕಾಳು, ಗಟ್ಟಿ ಮೊಸರು, ಒಲ್ಲೆ ಎನ್ನದವರಿಗೆ ತತ್ತಿ ಸೇರಿಸಿ. ಕಿಡ್ನಿ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಅದೇ ಕುರ್ಚಿಯಲ್ಲಿ ದಿನ ಬಿಟ್ಟು ದಿನ 8 ಸಲದಂತೆ ಎರಡು ಸುತ್ತು ಏಳಿಸಿ ಕೂರಿಸಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. 3 ತಿಂಗಳ ಬಳಿಕ ಅದೇ ಗೆರೆಯ ಮೇಲೆ ಮತ್ತೆ ನಡೆಸಿ.