ಕುದಿಸಿದರೂ ಹೋಗದ ವಿಷ: ಕೆಚ್ಚಲು ಬಾವಿನ ಹಾಲನ್ನು ಪರೀಕ್ಷಿಸುವುದು ಹೇಗೆ?

‘ಚೆನ್ನಾಗಿ ಉಕ್ಕಿಸಿಬಿಟ್ಟರೆ ಏನೂ ಆಗಲ್ಲ ಬಿಡಿ’ ಎನ್ನುವ ಮಾತು ಕೊಡಗಿನ ಕೊಟ್ಟಿಗೆಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಉಕ್ಕಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಕೆಚ್ಚಲು ಬಾವು ತರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬೆಚ್ಚಗಿರುವ ಹಾಲಿನಲ್ಲಿ ಬೆಳೆಯುತ್ತಾ ವಿಷ ಬಿಡುತ್ತವೆ. ಅದು ಕುದಿಸಿದರೂ ಉಳಿಯುತ್ತದೆ. ಕುಡಿದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು. 2000ದಲ್ಲಿ ಜಪಾನಿನ ಒಸಾಕಾ ಕಡೆ 13 ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದದ್ದು ಇದೇ ವಿಷದಿಂದ. ಹಾಲಿನಪುಡಿ ಕಾರ್ಖಾನೆಯಲ್ಲಿ ಕರೆಂಟ್ ಹೋಗಿ ಹಾಲು ಬೆಚ್ಚಗೇ ನಿಂತಿತ್ತು. ಆಮೇಲೆ ಕಾಯಿಸಿದರೂ ಪ್ರಯೋಜನವಾಗಲಿಲ್ಲ. ಜುಲೈ ಮಳೆಗೆ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿರುವ ನಾವು ಇದನ್ನು ನೆನಪಿಡಬೇಕು.

ಈ ವಿಷವನ್ನು ಮನೆಯಲ್ಲಿ ಪತ್ತೆ ಮಾಡಲಾಗದು. ಡೇರಿಯಲ್ಲಿ ನೋಡುವ ಡಿಗ್ರಿ (ಹಾಲಿನ ಗಟ್ಟಿತನದ ಅಳತೆ), ಫ್ಯಾಟ್‌ನಿಂದಲೂ ಗೊತ್ತಾಗದು. ನಮ್ಮ ಕೈಲಾಗುವುದು ಕೆಚ್ಚಲಿನ ಸೋಂಕನ್ನು ಬೇಗ ಹಿಡಿಯುವುದು.

ದಿನವೂ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆಯಿರಿ. ಗರಣೆ, ರಕ್ತದೆಳೆ ಕಂಡರೆ ಬಾವು ಇದೆ ಎಂದೇ ಅನುಮಾನಿಸಿ. ಆ ಧಾರೆಯನ್ನು ಕೊಟ್ಟಿಗೆಯ ನೆಲಕ್ಕೆ ಬಿಡಬೇಡಿ.

ಹೊರಗೆ ಏನೂ ತೋರಿಸದ ಬಾವಿಗೆ ಸೋಪಿನಪುಡಿ ಪರೀಕ್ಷೆ ಇದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕದಡಿ. ನಾಲ್ಕು ಬಟ್ಟಲಿಟ್ಟು, ಒಂದೊಂದು ಮೊಲೆಯ ಹಾಲನ್ನು ಒಂದೊಂದಕ್ಕೆ ಕರೆಯಿರಿ. ಯಾವುದು ಯಾವ ಮೊಲೆಯದ್ದೆಂದು ಗುರುತು ಹಾಕದಿದ್ದರೆ ಎಲ್ಲ ದಂಡ. ಹಾಲಿನಷ್ಟೇ ದ್ರಾವಣ ಸೇರಿಸಿ ಒಂದು ನಿಮಿಷ ಮೆಲ್ಲಗೆ ಸುತ್ತಿಸಿ, ಬಟ್ಟಲನ್ನು ಓರೆ ಮಾಡಿ. ನೀರಿನಂತೆ ಹರಿದರೆ ಸರಿ. ಲೋಳೆಯಾಗಿ ನಡುವೆ ಗುಪ್ಪೆಗಟ್ಟಿದರೆ ಆ ಮೊಲೆಗೆ ಸೋಂಕು ತಗುಲಿದೆ. ಸೋಂಕಿನ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳನ್ನು ಸೋಪು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಲೋಳೆ ಕಟ್ಟುತ್ತದೆ. ಇದೇ ತತ್ವದ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, ಅಂದರೆ ಕೆಚ್ಚಲು ಬಾವಿನ ಪರೀಕ್ಷೆ) ದ್ರಾವಣವೂ ಸಿಗುತ್ತದೆ. ಗಿಣ್ಣು ಹಾಲಿನ ದಿನಗಳಲ್ಲಿ, ಹಾಲು ಬತ್ತುವ ಕಾಲದಲ್ಲಿ ಮಾತ್ರ ಈ ಪರೀಕ್ಷೆ ನಂಬಬೇಡಿ, ಸೋಂಕಿಲ್ಲದಿದ್ದರೂ ಲೋಳೆ ಬರುತ್ತದೆ.

ಲೋಳೆ ಕಂಡ ಮೊಲೆಯ ಹಾಲು ಲ್ಯಾಬಿಗೆ ಹೋಗಲಿ, ಅದೂ ಆ್ಯಂಟಿಬಯಾಟಿಕ್ ಚುಚ್ಚುವ ಮೊದಲೇ. ಮೊಲೆ ತೊಳೆದು ಒರೆಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಮೊದಲ ಧಾರೆಗಳನ್ನು ಬಿಟ್ಟು, ಪಶು ಆಸ್ಪತ್ರೆಯಿಂದ ತಂದ ಸ್ಟೆರೈಲ್ ಬಾಟಲಿಯನ್ನು ಓರೆ ಹಿಡಿದು ಐದಾರು ಎಂಎಲ್ ಕರೆಯಿರಿ. ನೆಟ್ಟಗೆ ಹಿಡಿದರೆ ಕೆಚ್ಚಲಿನ ಕೂದಲು, ಸಗಣಿಯ ಪುಡಿ ಒಳಗೆ ಬೀಳುತ್ತದೆ, ಫಲಿತಾಂಶ ಕೆಡುತ್ತದೆ. ಐಸ್ ಜೊತೆಗಿಟ್ಟು ಅದೇ ದಿನ ಪಶುವೈದ್ಯರಿಗೆ ತಲುಪಿಸಿ. ಲ್ಯಾಬಿನಲ್ಲಿ ರೋಗಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುತ್ತಾರೆ. ವಿಷವನ್ನೇ ಹುಡುಕಬೇಕೆಂದರೆ ಎಲೈಸಾ ಎಂಬ ಲ್ಯಾಬ್ ಪರೀಕ್ಷೆ ಬೇಕು. ಅದು ಎಲ್ಲ ಲ್ಯಾಬಿನಲ್ಲೂ ಇರದು, ಕೇಳಿಯೇ ಕಳಿಸಿ.

ಫಲಿತಾಂಶ ಬರುವವರೆಗೆ ಆ ಹಸುವನ್ನು ಕೊನೆಗೆ ಕರೆಯಿರಿ. ಬಾವಿನ ಮೊಲೆಯ ಹಾಲು ಡೇರಿಗೂ ಬೇಡ, ಕರುವಿಗೂ ಬೇಡ. ಒಳ್ಳೆಯ ಹಾಲನ್ನು ಕರೆದ ಕೂಡಲೇ ತಣ್ಣಗಾಗಿಸಿ. ಫ್ರಿಜ್ ನಿಂತಿದ್ದರೆ ತೋಡಿನ ನೀರಿನಲ್ಲಿ ಕ್ಯಾನ್ ಇಳಿಸಿಟ್ಟು, ಬೇಗ ಡೇರಿಗೆ ಮುಟ್ಟಿಸಿ.

ಒದ್ದೆ ತರಗೆಲೆಯ ಮೇಲೆ ಮಲಗುವ ಹಸುಗಳಿಗೆ ಮಳೆಗಾಲದಲ್ಲಿ ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬಾವೂ ಬರುತ್ತದೆ. ಇದರ ವಿಷ ಹಸುವನ್ನೇ ಕೆಡವುತ್ತದೆ: ಹಾಲು ನೀರಾಗಿ, ಕಿವಿ ತಣ್ಣಗಾಗಿ, ಮೇವು ಬಿಟ್ಟು ಮಲಗಿಬಿಡುತ್ತದೆ. ಆಗ ಬಟ್ಟಲು ಹುಡುಕುತ್ತಾ ಕೂರದೆ ಪಶು ಆಂಬುಲೆನ್ಸ್ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ತೋಟದೊಳಗಿನ ಕೊಟ್ಟಿಗೆಯ ತನಕ ಗಾಡಿ ಬರುವುದಿಲ್ಲ ಎಂದಾದರೆ ಮೊದಲೇ ಹೇಳಿ, ರಸ್ತೆಯ ಬಳಿ ಒಬ್ಬರನ್ನು ನಿಲ್ಲಿಸಿ.