ಮೈಲುತುತ್ತು ಹಾಕಿದ ಹಸಿರು ಕೆಂಪಾಗಿ ಬೆಳಗುವುದಿಲ್ಲ

ಒಂದು ವಸ್ತು ಯಾವ ಬೆಳಕನ್ನು ಹೀರುತ್ತದೆ ಎನ್ನುವುದು ಒಂದು ಪ್ರಶ್ನೆ. ಹೀರಿದ ಮೇಲೆ ಆ ಶಕ್ತಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಇನ್ನೊಂದು. ನಡುವೆ ಲೋಹ ಹಿಡಿದುಕೊಳ್ಳಬಲ್ಲ ಉಂಗುರದಂಥ ಅಣುಗಳಾದ ಪಾರ್ಫಿರಿನ್‌ಗಳಲ್ಲಿ ಈ ಎರಡನೆಯದನ್ನು ನಡುವಿನ ಲೋಹವೇ ತೀರ್ಮಾನಿಸುತ್ತದೆ. ಬದಿಯಡ್ಕದ ನಮ್ಮ ಮನೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಲು ನನಗೆ ಲ್ಯಾಬ್ ಬೇಕಾಗಲಿಲ್ಲ. ಅಡಿಕೆ ತೋಟ ಇದ್ದವರ ಮನೆಯಲ್ಲಿ ಕೊಳೆರೋಗದ ಮದ್ದಿಗೆಂದು ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದಲ್ವಾ?

ಎಲೆಯ ಕ್ಲೋರೋಫಿಲ್ ಪಾರ್ಫಿರಿನ್‌ನ ಹತ್ತಿರದ ನೆಂಟ. ನಾಲ್ಕು ನೈಟ್ರೋಜನ್‌ಗಳು ಒಳಮುಖವಾಗಿರುವ ಉಂಗುರ, ನಡುವೆ ಮೆಗ್ನೀಸಿಯಂ. ನುಗ್ಗೆಸೊಪ್ಪನ್ನು ಜಜ್ಜಿ, ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಸೋಸಿದೆ. ಕತ್ತಲೆ ಕೋಣೆಯಲ್ಲಿ, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದರೆ ಹಸಿರು ರಸ ರಕ್ತಗೆಂಪಾಗಿ ಬೆಳಗುತ್ತದೆ. ರಸ ತೆಳುವಾಗಿರಬೇಕು. ದಟ್ಟವಾದರೆ ಹೊರಟ ಕೆಂಪನ್ನು ಅದೇ ನುಂಗಿಬಿಡುತ್ತದೆ.

ಆಮೇಲೆ ವಿನೆಗರ್ ಹಾಕಿ ಬಿಸಿನೀರಿನ ಪಾತ್ರೆಯಲ್ಲಿಟ್ಟೆ. ಸ್ಪಿರಿಟ್ ಆದ್ದರಿಂದ ಹತ್ತಿರ ಬೆಂಕಿ ಇರಲೇಬಾರದು. ಹಸಿರು ಹೋಗಿ ಮಾಸಲು ಕಂದು ಬಂತು. ಮೆಗ್ನೀಸಿಯಂ ಹೊರಬಿದ್ದು, ಅದರ ಜಾಗದಲ್ಲಿ ಎರಡು ಹೈಡ್ರೋಜನ್ ಕೂತವು. ಕ್ಲೋರೋಫಿಲ್-ಎ 430 ನ್ಯಾನೋಮೀಟರ್ ಸುತ್ತ ಜಾಸ್ತಿ ಹೀರುತ್ತದೆ. ಲೋಹವಿಲ್ಲದ ಈ ರೂಪದಲ್ಲಿ ಆ ಪಟ್ಟಿ 410ರ ಹತ್ತಿರಕ್ಕೆ ಸರಿಯುತ್ತದೆ. ಬಣ್ಣ ಕೆಟ್ಟರೂ ಟಾರ್ಚಿನ ಕೆಳಗೆ ಕೆಂಪು ಹಾಗೇ ಇತ್ತು.

ಈಗ ಮೈಲುತುತ್ತು. ಚಿಟಿಕೆಯಷ್ಟನ್ನು ಬಿಸಿನೀರಲ್ಲಿ ಕರಗಿಸಿ ಹನಿಹನಿಯಾಗಿ ಬಿಟ್ಟು ಬೆಚ್ಚಗಿಟ್ಟೆ. ಹಸಿರು ಮರಳಿತು, ಮೊದಲಿಗಿಂತಲೂ ಚೆಂದವಾಗಿ. ಟಾರ್ಚ್ ಹಿಡಿದರೆ ಕೆಂಪಿನ ಸುಳಿವೇ ಇಲ್ಲ! ಮಕ್ಕಳು ಟಾರ್ಚ್ ಕೆಟ್ಟಿತೆಂದು ಸ್ವಿಚ್ ಒತ್ತಿ ನೋಡಿದರು. ಗೊಬ್ಬರದಂಗಡಿಯ ಸತುವಿನ ಸಲ್ಫೇಟಿನಲ್ಲೂ ಇದನ್ನೇ ಮಾಡಬಹುದು. ಅದು ನಿಧಾನ, ಜಾಸ್ತಿ ಹೊತ್ತು ಬಿಸಿ ಬೇಕು. ಆದರೆ ಸತು ಕೂತ ಹಸಿರು ಕೆಂಪಾಗಿ ಬೆಳಗುತ್ತದೆ.

ಕಾರಣ ಲೋಹದ ಡಿ ಎಲೆಕ್ಟ್ರಾನ್‌ಗಳಲ್ಲಿದೆ, ಅಂದರೆ ಡಿ ಎಂಬ ಕಕ್ಷೆಗಳಲ್ಲಿರುವ ಎಲೆಕ್ಟ್ರಾನ್‌ಗಳಲ್ಲಿ. ಸತುವಿನ ಅಯಾನಿನಲ್ಲಿ ಹತ್ತು ಇವೆ, ಎಲ್ಲ ಜೋಡಿಯಾಗಿವೆ. ಉಂಗುರದ ಶಕ್ತಿಗೆ ಅವು ಹೊಸ ದಾರಿ ತೆರೆಯುವುದಿಲ್ಲ. ತಾಮ್ರದಲ್ಲಿ ಒಂಬತ್ತು, ಒಂದು ಒಂಟಿ. ಆ ಒಂಟಿ ಎಲೆಕ್ಟ್ರಾನ್ ಉಂಗುರದ ಎಲೆಕ್ಟ್ರಾನ್‌ಗಳ ಜೊತೆ ಬೆರೆಯುವುದರಿಂದ, ಸಿಂಗ್ಲೆಟ್‌ನಿಂದ (ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಎದುರುಬದುರಾಗಿರುವ ಸ್ಥಿತಿ) ಟ್ರಿಪ್ಲೆಟ್ (ಸ್ಪಿನ್ ಒಂದೇ ಕಡೆಗಿರುವ ಸ್ಥಿತಿ) ಕಡೆಗಿನ ದಾರಿಗೆ, ಸ್ಪಿನ್ ಬದಲಾಗಬಾರದೆಂಬ ನಿಯಮ ಅಡ್ಡ ಬರುವುದಿಲ್ಲ. ಬೆಳಕು ಸೂಸಲು ನ್ಯಾನೋಸೆಕೆಂಡುಗಳು ಬೇಕು, ಇಲ್ಲಿ ಅದಕ್ಕೆ ಮೊದಲೇ ಶಕ್ತಿ ಕೆಳಗಿಳಿದು ಕೊನೆಗೆ ಶಾಖವಾಗುತ್ತದೆ. ನಿಕ್ಕಲ್‌ನಲ್ಲಿ ದಾರಿ ಬೇರೆ. ಅದರ ಖಾಲಿ ಡಿ ಕಕ್ಷೆಗೆ ಶಕ್ತಿ ಜಾರಿ, ಕೆಲವು ನೂರು ಪಿಕೋಸೆಕೆಂಡಿನಲ್ಲೇ ಮುಗಿಯುತ್ತದೆ.

ನಿಜವಾದ ಪಾರ್ಫಿರಿನ್‌ನ ಅಂಕಿಗಳನ್ನೂ ಹೇಳಬೇಕು. ಲೋಹವಿಲ್ಲದ ಟೆಟ್ರಾಫಿನೈಲ್ ಪಾರ್ಫಿರಿನ್‌ಗೆ 500ರಿಂದ 650 ನ್ಯಾನೋಮೀಟರ್ ನಡುವೆ ಬೆಳಕು ಹೀರುವ ನಾಲ್ಕು ಪಟ್ಟಿಗಳಿವೆ, ಇವಕ್ಕೆ ಕ್ಯೂ ಪಟ್ಟಿ ಎನ್ನುತ್ತಾರೆ. ಸತು ಕೂತರೆ ಉಂಗುರದ ಸಮರೂಪತೆ ಹೆಚ್ಚಿ, ಮುಖ್ಯವಾಗಿ ಎರಡೇ ಉಳಿಯುತ್ತವೆ, ಸುಮಾರು 550 ಮತ್ತು 590ರಲ್ಲಿ. ಹೊಳಪು, ಅಂದರೆ ಹೀರಿದ ಬೆಳಕಿನಲ್ಲಿ ಮತ್ತೆ ಬೆಳಕಾಗಿ ಹೊರಬರುವ ಪಾಲು, ಮಾತ್ರ ಶೇಕಡಾ 11ರಿಂದ 3ಕ್ಕೆ ಇಳಿಯುತ್ತದೆ. ಸತುವಿನ ಭಾರವೇ ಶಕ್ತಿಯನ್ನು ಟ್ರಿಪ್ಲೆಟ್ ಕಡೆ ತಳ್ಳುತ್ತದೆ.

ಮನೆಯಲ್ಲಿ ಮಾಡುವವರು ಎಲೆರಸ ಮತ್ತು ತಾಮ್ರದ ರಸ ಎರಡನ್ನೂ ಬಿಸಿಲಿನ ಕಿಟಕಿಯಲ್ಲಿಡಿ. ಎಲೆರಸ ಬೇಗ ಬಿಳಚಿಕೊಳ್ಳುತ್ತದೆ, ತಾಮ್ರದ್ದು ಹಸಿರಾಗಿಯೇ ನಿಲ್ಲುತ್ತದೆ. ಶಕ್ತಿ ಜಾಸ್ತಿ ಹೊತ್ತು ಉಳಿದರೆ ಅದು ಆಮ್ಲಜನಕಕ್ಕೆ ದಾಟಿ ಉಂಗುರವನ್ನೇ ಒಡೆಯುತ್ತದೆ. ತಾಮ್ರ ಅಷ್ಟು ಸಮಯ ಕೊಡುವುದಿಲ್ಲ. ಇದೇ ತಾಮ್ರದ ಹಸಿರು ಇ141 ಎಂಬ ಸಂಖ್ಯೆಯಲ್ಲಿ ತಿಂಡಿಗಳ ಬಣ್ಣವಾಗಿದೆ. ಆದರೆ ನಾವು ಮನೆಯಲ್ಲಿ ಮಾಡಿದ್ದನ್ನು ಯಾರೂ ಬಾಯಿಗೆ ಹಾಕಬಾರದು, ಬಾವಿ ಕಡೆ ಚೆಲ್ಲಲೂ ಬಾರದು.