ದುಡಿಮೆಯ ದಿನಚರಿಯಲ್ಲಿ ಪ್ರಾರ್ಥನೆಗೆ ಜಾಗ ಮಾಡಿಕೊಳ್ಳುವುದು ಹೇಗೆ?

ದಾವಣಗೆರೆಯಲ್ಲಿ ದುಡಿದು ಉಣ್ಣುವ ಕ್ರೈಸ್ತ ಕುಟುಂಬದ ಬೆಳಗು ಎಷ್ಟು ಗಡಿಬಿಡಿಯದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಬಂದಾಗ ಕೊಡ ತುಂಬಿಸಿಕೊಳ್ಳಬೇಕು, ಮಕ್ಕಳ ಡಬ್ಬಿ ಕಟ್ಟಬೇಕು, ಹರಿಹರದ ಬಸ್ಸು ಹಿಡಿಯಬೇಕು. ಹೀಗಿರುವಾಗ ಬಿಡುವಾದಾಗ ಪ್ರಾರ್ಥಿಸೋಣ ಎಂದುಕೊಂಡವರ ಪ್ರಾರ್ಥನೆಯು ಭಾನುವಾರದ ಆರಾಧನೆಗೋ ಬಲಿಪೂಜೆಗೋ ಸೀಮಿತವಾಗಿ, ಉಳಿದ ಆರು ದಿನ ಊಟದ ಮುಂಚಿನ ಎರಡು ಮಾತಿಗೆ ಇಳಿದುಬಿಡುತ್ತದೆ. ಬಿಡುವನ್ನು ಕಾಯುವುದರ ಬದಲು, ದಿನದಲ್ಲಿ ಈಗಾಗಲೇ ತಪ್ಪದೆ ನಡೆಯುವ ಕೆಲಸಗಳಿಗೆ ಗೊತ್ತುಮಾಡಿದ ಪ್ರಾರ್ಥನೆಯನ್ನು ಜೋಡಿಸಿಕೊಳ್ಳುವುದೇ ನಿಲ್ಲುವ ದಾರಿ ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಬೈಬಲಿನ ಪ್ರವಾದಿ ದಾನಿಯೇಲನು ದಿನಕ್ಕೆ ಮೂರಾವರ್ತಿ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಗಳ ಮುಂದೆ ಮೊಣಕಾಲೂರುತ್ತಿದ್ದನು. ಸಂಜೆ, ಮುಂಜಾನೆ, ಮಧ್ಯಾಹ್ನ ಮೊರೆಯಿಡುವ ಮಾತು ಬೈಬಲಿನ ಕೀರ್ತನೆಗಳ ಗ್ರಂಥದ 55ನೇ ಕೀರ್ತನೆಯಲ್ಲಿದೆ. ಆದಿಸಭೆಯ ಕಾಲದ ಕೈಪಿಡಿಯಾದ ಡಿಡಾಕೆಯು ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ವಿಧಿಸುತ್ತದೆ. ಕಥೋಲಿಕರ ತ್ರಿಕಾಲ ಪ್ರಾರ್ಥನೆಯೂ ಇದೇ ಜಾಡಿನದು. ಈ ಮೂರು ಹೊತ್ತನ್ನೂ ಒಮ್ಮೆಗೇ ಹಿಡಿಯಲು ಹೋಗದೆ, ಒಂದನ್ನು ಮಾತ್ರ ಆರಿಸಿಕೊಳ್ಳಿ. ಒಲೆ ಹಚ್ಚುವ ಮೊದಲು, ಅಂಗಡಿಯ ಬಾಗಿಲು ತೆರೆಯುವ ಮೊದಲು, ಬೈಕಿಗೆ ಕೀಲಿ ಹಾಕುವ ಮೊದಲು ಎಂಬಂತೆ ಗಡಿಯಾರಕ್ಕಿಂತ ಕೆಲಸವನ್ನೇ ಗುರುತಾಗಿಟ್ಟುಕೊಂಡರೆ ಮರೆವು ಕಡಿಮೆ. ನಸುಕಿನಲ್ಲಿ ಎದ್ದು ಮಾಡಿದ ಪ್ರಾರ್ಥನೆಯೇ ಶ್ರೇಷ್ಠವೆಂದು ಕೆಲವರು ಒತ್ತಿ ಹೇಳುವುದುಂಟು. ಆದರೆ ಮಂಡಕ್ಕಿ ಭಟ್ಟಿಯಲ್ಲಿ ಬೆಳಕು ಹರಿಯುವ ಮೊದಲೇ ಬೆಂಕಿಯ ಮುಂದೆ ನಿಲ್ಲುವವರಿಗೆ ಆ ಸಲಹೆ ಕೊಡುವುದರಲ್ಲಿ ಅರ್ಥವಿಲ್ಲ. ಅವರಿಗೆ ಮಧ್ಯಾಹ್ನ ಮನೆಗೆ ಬಂದು ಕೈಕಾಲು ತೊಳೆದುಕೊಂಡ ಹೊತ್ತೇ ಸರಿ.

ಎರಡನೆಯದು ಮಾತು. ಸ್ವಂತ ಮಾತುಗಳಲ್ಲಿ ಪ್ರಾರ್ಥಿಸಿದರೆ ಮಾತ್ರ ಅದು ಹೃದಯದಿಂದ ಬಂದದ್ದೆಂಬ ಭಾವನೆ ನಮ್ಮ ಸಭೆಗಳಲ್ಲಿ ಸಾಕಷ್ಟು ಬೇರೂರಿದೆ. ಆರಂಭಿಸುವವರನ್ನು ಸೋಲಿಸುವುದು ಬಹುಮಟ್ಟಿಗೆ ಇದೇ, ಏಕೆಂದರೆ ದಣಿದ ದಿನ ಸ್ವಂತ ಮಾತು ಹೊರಡುವುದಿಲ್ಲ. ಪ್ರಾರ್ಥಿಸುವುದನ್ನು ಕಲಿಸೆಂದು ಶಿಷ್ಯರು ಕೇಳಿದಾಗ ಯೇಸು ಅವರಿಗೆ ಕೊಟ್ಟದ್ದು ಕರ್ತನ ಪ್ರಾರ್ಥನೆಯೆಂಬ ಸಿದ್ಧವಾದ ಪ್ರಾರ್ಥನೆಯನ್ನೇ. ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸದೆ, ಒಂದೊಂದು ಬೇಡಿಕೆಯ ಬಳಿಯೂ ತುಸು ನಿಲ್ಲಿ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎಂದ ಬಳಿಕ, ಮನೆ ಬಾಡಿಗೆಯೋ ಮೆಕ್ಕೆಜೋಳದ ಧಾರಣೆಯೋ ಯಾವುದು ಆ ವಾರ ಮನಸ್ಸನ್ನು ಕೊರೆಯುತ್ತಿದೆಯೋ ಅದನ್ನು ಹೆಸರಿಟ್ಟು ಹೇಳಿ. ಬೇಡಿಕೆಯು "ನಮಗೆ" ಎಂದಿರುವುದರಿಂದ, ಕೆಲಸ ಕಳೆದುಕೊಂಡ ಪಕ್ಕದ ಮನೆಯವರನ್ನೂ ಅಲ್ಲಿಯೇ ನೆನೆಯಿರಿ. ಕ್ಷಮೆಯ ಬೇಡಿಕೆ ಬಂದಾಗ ಯಾರ ಮೇಲೆ ಮುನಿಸಿದೆಯೋ ಅವರ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಹೀಗೆ ಹೇಳಿದರೆ ಐದು ನಿಮಿಷ ಹಿಡಿಯುತ್ತದೆ, ಮೊದಲ ಕೆಲವು ವಾರಗಳಿಗೆ ಅಷ್ಟು ಸಾಕು.

ಅದು ರೂಢಿಯಾದ ಮೇಲೆ ಕೀರ್ತನೆಗಳನ್ನು ಸೇರಿಸಿಕೊಳ್ಳಿ. ಒಟ್ಟು 150 ಕೀರ್ತನೆಗಳಿದ್ದು, 119ನೆಯದರಲ್ಲಿ 176 ವಚನಗಳಿರುವುದರಿಂದ ಮೊದಲಿನಿಂದ ಸಾಲಾಗಿ ಓದಲು ಹೊರಟವರು ಅರ್ಧದಾರಿಯಲ್ಲಿ ನಿಲ್ಲುವುದೇ ಹೆಚ್ಚು. ಅದಕ್ಕೆ ಬದಲಾಗಿ 120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳನ್ನು ಹಿಡಿಯಬಹುದು. ಇವುಗಳಲ್ಲಿ 132ನೆಯದೊಂದನ್ನು ಬಿಟ್ಟರೆ ಯಾವುದೂ ಒಂಬತ್ತು ವಚನಗಳನ್ನು ಮೀರುವುದಿಲ್ಲ. ಬೆಳಿಗ್ಗೆ ಒಂದರಂತೆ ಓದಿದರೆ ತಿಂಗಳಿಗೆ ಎರಡು ಸುತ್ತು ಮುಗಿಯುತ್ತದೆ, ಒಂದು ವರ್ಷದಲ್ಲಿ ಹಲವು ಸಾಲುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಬೆಟ್ಟಗಳ ಕಡೆಗೆ ಕಣ್ಣೆತ್ತುವ 121ನೆಯದನ್ನು ಚಿತ್ರದುರ್ಗದವರಿಗೆ ಪರಿಚಯಿಸಿಕೊಡಬೇಕಾಗಿಲ್ಲ, ಆದರೆ ಸಹಾಯ ಬರುವುದು ಬೆಟ್ಟವನ್ನೂ ಉಂಟುಮಾಡಿದಾತನಿಂದ ಎಂಬ ಅದರ ಎರಡನೆಯ ವಚನವನ್ನು ಬಿಡದೆ ಓದಬೇಕು. ಕಣ್ಣೀರಿನಿಂದ ಬಿತ್ತುವವರ ಮಾತಾಡುವ 126ನೆಯದು ಮಳೆ ಕೈಕೊಟ್ಟ ವರ್ಷ ಹೊಲದವರ ಪ್ರಾರ್ಥನೆಯೇ ಆಗಿಬಿಡುತ್ತದೆ. ನಸುಕಿನಲ್ಲೆದ್ದು ತಡವಾಗಿ ಮಲಗುವ ದುಡಿಮೆಯನ್ನೇ ನೆಚ್ಚಿದವರಿಗೆ 127ನೆಯದು, ತೀರಾ ಕುಗ್ಗಿದವರಿಗೆ ಅಗಾಧದೊಳಗಿನಿಂದ ಮೊರೆಯಿಡುವ 130ನೆಯದು. ಇಷ್ಟವಿಲ್ಲದ ದಿನವೂ ಆ ದಿನದ ಕೀರ್ತನೆಯನ್ನೇ ಓದಬೇಕೆಂಬುದು ಇಲ್ಲಿನ ಒಂದೇ ಕಟ್ಟುನಿಟ್ಟು, ಮನಸ್ಸಿಗೆ ಒಪ್ಪಿದ್ದನ್ನೇ ಆರಿಸತೊಡಗಿದರೆ ಪಟ್ಟಿ ಬೇಗನೆ ಎರಡು ಮೂರಕ್ಕೆ ಕುಗ್ಗುತ್ತದೆ. ಅಂದ ಹಾಗೆ, ಮುಂಜಾನೆ ವಾಟ್ಸಾಪಿನಲ್ಲಿ ಬರುವ ವಾಗ್ದಾನ ವಚನದ ಚಿತ್ರವನ್ನು ಹತ್ತು ಗುಂಪುಗಳಿಗೆ ಕಳುಹಿಸಿದ್ದನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ.

"ಎಡೆಬಿಡದೆ ಪ್ರಾರ್ಥನೆ ಮಾಡಿರಿ" ಎಂದು ಪೌಲನು ಥೆಸಲೋನಿಕದವರಿಗೆ ಬರೆದದ್ದನ್ನು ಕೆಲಸದ ನಡುವೆ ಪಾಲಿಸುವುದು ಮೂರನೆಯ ಹೆಜ್ಜೆ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಿಂದ ಕಲಿತು ಐದನೇ ಶತಮಾನದಲ್ಲಿ ಬರೆದ ಜಾನ್ ಕ್ಯಾಸಿಯನ್, ದೇವರೇ ನನ್ನ ಸಹಾಯಕ್ಕೆ ಬೇಗ ಬಾ ಎಂಬರ್ಥದ 70ನೇ ಕೀರ್ತನೆಯ ಮೊದಲ ವಚನವೊಂದನ್ನೇ ದಿನವಿಡೀ, ಕೈಕೆಲಸದ ನಡುವೆಯೂ ಹೇಳಿಕೊಳ್ಳುವಂತೆ ಸೂಚಿಸುತ್ತಾನೆ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸಿನ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯನ್ನು ಅಭ್ಯಾಸ ಮಾಡಿದವನು. ಹೊಲಿಗೆ ಯಂತ್ರದಲ್ಲಿ ದಾರ ಬದಲಿಸುವಾಗ, ಆಸ್ಪತ್ರೆಯ ಸರದಿಯಲ್ಲಿ ಕುಳಿತಾಗ, ಕೋಪದ ಮಾತು ನಾಲಿಗೆಯ ತುದಿಗೆ ಬಂದಾಗ ಆ ಒಂದು ಸಾಲನ್ನು ಮೆಲ್ಲಗೆ ಹೇಳಿಕೊಳ್ಳಬಹುದು. ತಿಂಗಳಿಗೊಂದು ಹೊಸ ಸಾಲು ಬೇಡ, ಹಳೆಯದೇ ಇರಲಿ.

ಸಂಜೆಯ ಕುಟುಂಬ ಪ್ರಾರ್ಥನೆ ಹಲವು ಮನೆಗಳಲ್ಲಿ ನಿಂತುಹೋಗಲು ಟಿವಿಯನ್ನು ದೂರುವುದು ವಾಡಿಕೆ, ಆದರೆ ಹಿರಿಯರ ದೀರ್ಘ ಪ್ರಾರ್ಥನೆಯೂ ಅದಕ್ಕೆ ಅಷ್ಟೇ ಕಾರಣವೆಂದು ಹೇಳದೆ ವಿಧಿಯಿಲ್ಲ. ಅಜ್ಜನವರು ಅರ್ಧ ಗಂಟೆ ಪ್ರಾರ್ಥಿಸುತ್ತಿದ್ದರೆ ಚಿಕ್ಕ ಮಗು ಮೊದಲ ಐದು ನಿಮಿಷದಲ್ಲೇ ಚಾಪೆಯ ಮೇಲೆ ನಿದ್ದೆ ಹೋಗಿರುತ್ತದೆ. ಊಟಕ್ಕೆ ಮುಂಚೆ ಹತ್ತು ನಿಮಿಷವೆಂದು ಗೊತ್ತುಮಾಡಿ, ಓದು ಬರುವ ಮಗುವಿನ ಕೈಗೆ ಬೈಬಲ್ ಕೊಟ್ಟು, ಮನೆಯ ಪ್ರತಿಯೊಬ್ಬರೂ ಆ ದಿನದ ಒಂದು ಉಪಕಾರವನ್ನೂ ಒಬ್ಬ ವ್ಯಕ್ತಿಯ ಹೆಸರನ್ನೂ ಹೇಳಲಿ. ಜಪಸರ ಹೇಳುವ ಮನೆಗಳಲ್ಲಿ ಮಕ್ಕಳು ಚಿಕ್ಕವರಾಗಿದ್ದರೆ, ಯೇಸು ಮತ್ತು ಮರಿಯಳ ಜೀವನದ ಘಟನೆಗಳನ್ನು ಧ್ಯಾನಿಸುವ ಐದು ರಹಸ್ಯಗಳ ಬದಲು ಒಂದು ರಹಸ್ಯವನ್ನೂ ಅದರ ಹತ್ತು "ನಮೋ ಮರಿಯ"ವನ್ನೂ ನಿಧಾನವಾಗಿ ಹೇಳುವುದು ಮೇಲು. ಸೆಪ್ಟೆಂಬರ್ 8ರ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ನವೇನ ಪ್ರಾರ್ಥನೆಯು ನಿಂತ ರೂಢಿಯನ್ನು ಮತ್ತೆ ಆರಂಭಿಸಲು ಒಳ್ಳೆಯ ಸಂದರ್ಭ.

ಪರರಿಗಾಗಿ ಪ್ರಾರ್ಥಿಸುತ್ತೇವೆಂದು ಮಾತು ಕೊಟ್ಟು ಮರೆಯುವವರು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಹೆಸರು, ವಿಷಯ, ತಾರೀಖು ಬರೆದಿಡುವುದು ಒಳಿತು. ಮಲಗುವ ಮುನ್ನ, ಯೇಸುಸಭೆಯ ಸ್ಥಾಪಕ, ಹದಿನಾರನೇ ಶತಮಾನದ ಲೊಯೋಲದ ಇಗ್ನೇಷಿಯಸ್ ಕಲಿಸಿದ ಆತ್ಮಪರಿಶೀಲನೆಯ ಕ್ರಮದಲ್ಲಿ, ಕೃತಜ್ಞತೆ ಸಲ್ಲಿಸಿ, ಬೆಳಕನ್ನು ಬೇಡಿ, ದಿನವನ್ನು ಗಂಟೆಗಂಟೆಯಾಗಿ ಹಿನ್ನೋಡಿ, ತಪ್ಪಿಗೆ ಕ್ಷಮೆ ಕೇಳಿ, ನಾಳೆಗಾಗಿ ಒಂದು ತೀರ್ಮಾನ ಮಾಡಬಹುದು.

ಜ್ವರ, ಮದುವೆ ಮನೆ, ಸುಗ್ಗಿಯ ಕೆಲಸ ಹೀಗೆ ಏನೋ ಒಂದು ಬಂದು ರೂಢಿ ತಪ್ಪುವುದಂತೂ ಖಚಿತ. ತಪ್ಪಿದ ದಿನಗಳ ಬಾಕಿಯನ್ನು ಒಟ್ಟಿಗೆ ತೀರಿಸಲು ಕುಳಿತರೆ ಅದು ಎರಡೇ ದಿನಕ್ಕೆ ಹೊರೆಯಾಗುತ್ತದೆ. ತಿಂಗಳ 1 ಮತ್ತು 16ನೇ ತಾರೀಖು 120ನೆಯ ಕೀರ್ತನೆ ಬರುವಂತೆ ಮೊದಲೇ ಹೊಂದಿಸಿಕೊಂಡಿದ್ದರೆ, ಬಿಟ್ಟದ್ದನ್ನು ಹುಡುಕುವ ಗೊಡವೆಯಿಲ್ಲದೆ ಅಂದಿನ ತಾರೀಖಿನ ಕೀರ್ತನೆಯಿಂದಲೇ ಮುಂದುವರಿಯಬಹುದು.